ಕಾಡು ಮುಟ್ಟುವುದು ಬೇಡ

ಊರಿನಲ್ಲಿ ನನ್ನನ್ನು ಕರೆಯುವುದು ‘ಹುಲ್ಲಿನ ಮೆಷಿನಿನವರು’ ಎಂದು. ಹೆಗಲಿಗೆ ಬೆಲ್ಟು ಹಾಕಿ, ಮುಖಕ್ಕೆ ಜಾಲರಿ ಕಟ್ಟಿ, ಮೊಣಕಾಲಿನವರೆಗೆ ಬೂಟು ಏರಿಸಿ, ಬೇರೆಯವರ ಜಾಗದ ಹುಲ್ಲು ಕತ್ತರಿಸುವುದು ನನ್ನ ಕೆಲಸ. ಮನೆ ಕುಂಬ್ರದ ಹತ್ತಿರ. ಕೆಲಸ ಮಾತ್ರ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ. ಬೈಕಿನ ಹಿಂದೆ ಮೆಷಿನನ್ನು ಅಡ್ಡ ಕಟ್ಟಿಕೊಂಡು ಹೋಗುವಾಗ ಎದುರಿನವರು ದೂರದಿಂದಲೇ ದಾರಿ ಬಿಡುತ್ತಾರೆ. ಗೌರವದಿಂದಲ್ಲ, ಬ್ಲೇಡಿನ ಭಯದಿಂದ.

ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದರಲ್ಲೂ ನನ್ನ ಕೆಲಸ ಹೇಗೆ ಮಾಡಬೇಕೆಂದು ಯಾರಾದರೂ ಹೇಳಿಕೊಡಲು ಬಂದರೆ ಮೂಗಿನ ತುದಿಗೇ ಬರುತ್ತದೆ. ನಾನು ಹೊಡೆದ ಜಾಗ ಅಂಗಳದ ಹಾಗೆ ಇರುತ್ತದೆ ಎಂದು ನಾಲ್ಕು ಜನ ಹೇಳುತ್ತಾರೆ, ಆ ಮಾತು ಕೇಳಲು ನನಗೆ ಬಹಳ ಇಷ್ಟ. ಮದುವೆ ಇರಲಿ, ದೈವದ ನೇಮ ಇರಲಿ, ನಮ್ಮ ಕಡೆ ಮೊದಲು ಆಗಬೇಕಾದದ್ದು ಹುಲ್ಲು ತೆಗೆಸುವುದು. ಮನೆಯ ಸುತ್ತ ಹುಲ್ಲು ನಿಂತರೆ ಆ ಮನೆಯಲ್ಲಿ ಜನ ಇಲ್ಲವೇ ಎಂದು ಕೇಳುವ ಊರು ನಮ್ಮದು. ಹಾಗಾಗಿ ಬೇಲಿಯ ಬುಡ, ಕಟ್ಟೆಯ ಸಂದು, ತೋಡಿನ ಬದಿ ಎಲ್ಲಿಯೂ ಒಂದು ಕಡ್ಡಿ ಬಿಡದೆ ತೆಗೆಯುವುದು ನನ್ನ ಪದ್ಧತಿ. “ನಿಮ್ಮನ್ನು ಬಿಟ್ರೆ ಗುಡ್ಡೆಗೇ ಕ್ಷೌರ ಮಾಡಿ ಬರ್ತೀರಿ” ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ.

ಒಂದು ಶಬ್ದದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಶಾಲೆಯ ಪುಸ್ತಕದಲ್ಲಿ ಬೇಡದ ಗಿಡಕ್ಕೆ ಕಳೆ ಎಂದು ಬರೆದಿರುತ್ತದೆ. ನಮ್ಮ ಕಡೆ ಮಾತಿನಲ್ಲಿ ಹಾಗೆ ಹೇಳುವವರನ್ನು ನಾನು ಕಂಡದ್ದು ಕಡಿಮೆ. ನಮಗೆ ಕಳೆ ಎಂದರೆ ಮುಖದ ಮೇಲೆ ಇರುವಂಥದ್ದು. ಮದುಮಗಳ ಮುಖದಲ್ಲಿ, ಹೊಟ್ಟೆ ತುಂಬ ಉಂಡು ಎದ್ದವನ ಮುಖದಲ್ಲಿ. ನೆಲದ ಮೇಲೆ ತಾನಾಗಿ ಹುಟ್ಟಿದ್ದು ಕಾಡು. ಬದನೆಯ ಬುಡದಲ್ಲಿ ನಾಲ್ಕು ಗಿಡ ಎದ್ದರೂ ಕಾಡು ಬಂತು ಎನ್ನುತ್ತೇವೆ. ಆನೆ ಓಡಾಡುವ ರಕ್ಷಿತಾರಣ್ಯಕ್ಕೂ ಕಾಡು ಎಂದೇ ಹೇಳುತ್ತೇವೆ. ಯಾರು ಯಾವ ಕಾಡಿನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನಮಗೆ ತಿಳಿಯದೆ ಹೋಗುವುದಿಲ್ಲ. ನನಗೆ ಒಂದೇ ಒಂದು ಸಲ ತಿಳಿಯಲಿಲ್ಲ.

ಕಡಬದಿಂದ ಒಳಗೆ, ರಕ್ಷಿತಾರಣ್ಯದ ಗಡಿಕಲ್ಲಿಗೆ ತಾಗಿದಂತೆ ಒಂದು ಮನೆ ಇದೆ. ಗಂಡ ರಬ್ಬರ್ ಟ್ಯಾಪಿಂಗ್ ಮಾಡುವವರು, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ಹೆಂಡತಿ ಮನೆಯ ಕೆಳಗಿನ ಗದ್ದೆಯಲ್ಲಿ ತರಕಾರಿ ಬೆಳೆಸುತ್ತಾರೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಹಾಗಾಗಿ ಗಂಡ ನನಗೆ ಭಾವ. ಅಕ್ಕನ ತವರು ಸಂಪಾಜೆ ಕಡೆ. ಮನೆಯಲ್ಲಿ ಅವರದು ಅರೆಭಾಷೆ, ನನ್ನ ಹತ್ತಿರ ಕನ್ನಡ. ತವರಿನಿಂದ ಅವರು ತಂದ ಒಂದು ಅಲಸಂಡೆ ಬೀಜ ಇದೆ. ಅರ್ಧ ಬಿಳಿ, ಅರ್ಧ ಕಂದು. ಕೋಡು ಮೊಳಕ್ಕೆ ಹತ್ತಿರ ಉದ್ದ, ಬೇಯಿಸಿದರೆ ಬೆಣ್ಣೆ. ಅಂಗಡಿಯಲ್ಲಿ ಸಿಗುವ ಬೀಜವಲ್ಲ ಅದು. ಪ್ರತಿ ವರ್ಷ ಒಂದು ಗಾಜಿನ ಬಾಟ್ಲಿಯಲ್ಲಿ ಬೂದಿ ಬೆರೆಸಿ ತುಂಬಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ.

ಮೂರು ವರ್ಷದ ಹಿಂದೆ, ಚೌತಿ ಕಳೆದು ಮಳೆ ಸ್ವಲ್ಪ ಕಡಿಮೆಯಾದ ಸಮಯದಲ್ಲಿ ಅಕ್ಕ ಫೋನು ಮಾಡಿದರು. ಅವರ ಮನೆಗೆ ನಾನು ಅದೇ ಮೊದಲು ಹೋಗುವುದು.

“ನಾಳೆ ಬನ್ನಿ. ನಾನು ಇರುದಿಲ್ಲ, ತವರಿಗೆ ಹೋಗ್ಲಿಕ್ಕುಂಟು. ಮನೆ ಸುತ್ತ, ದಾರಿ, ಗದ್ದೆಯ ಬದಿ ಎಲ್ಲ ಹುಲ್ಲು ತೆಗೀರಿ. ಕಾಡು ಮಾತ್ರ ಮುಟ್ಟುದು ಬೇಡ ಆಯ್ತಾ?”

ಆಯ್ತು ಎಂದೆ. ಒಳಗೊಳಗೆ ಉರಿಯಿತು. ಹಿಂದಿನ ತಿಂಗಳು ಬೇರೊಂದು ಕಡೆ ಗಡಿಕಲ್ಲು ಕಾಣದೆ ನನ್ನ ಬ್ಲೇಡು ನಾಲ್ಕು ಹೆಜ್ಜೆ ಅರಣ್ಯದೊಳಗೆ ಹೋಗಿ, ಗಾರ್ಡಿನಿಂದ ಚೆನ್ನಾಗಿ ಬೈಸಿಕೊಂಡಿದ್ದೆ. ಆ ಸುದ್ದಿ ಈ ಅಕ್ಕನವರೆಗೂ ಬಂದಿದೆ, ಅದಕ್ಕೇ ಹೀಗೆ ಎಚ್ಚರಿಸುತ್ತಿದ್ದಾರೆ ಎಂದು ನಾನೇ ಅರ್ಥ ಮಾಡಿಕೊಂಡೆ. ಕಾಡು ಯಾವುದು ಜಾಗ ಯಾವುದು ಎಂದು ಇಷ್ಟು ವರ್ಷ ಮೆಷಿನು ಹೊತ್ತವನಿಗೆ ಪಾಠವೇ ಎಂದು ದಾರಿಯುದ್ದಕ್ಕೂ ಗೊಣಗುತ್ತಾ ಹೋದೆ.

ಗದ್ದೆ ನೋಡಿದಾಗ ಮಾತ್ರ ಖುಷಿಯಾಯಿತು. ಸಾಲು ಸಾಲಾಗಿ ಅಲಸಂಡೆ ಬಳ್ಳಿ ಆಗಷ್ಟೇ ಕೋಲು ಹತ್ತುತ್ತಿತ್ತು. ಬೆಂಡೆ, ಹಾಗಲ, ಮುಳ್ಳುಸೌತೆ, ಎಲ್ಲ ಚೊಕ್ಕ. ಆದರೆ ಬಡಗು ದಿಕ್ಕಿನ ಕಟ್ಟಪುಣಿಯ, ಎಂದರೆ ಗದ್ದೆಯ ಅಗಲದ ಬದುವಿನ, ಮೇಲೆ, ತೋಡಿನಿಂದ ಬಾವಿಯವರೆಗೆ, ಎರಡು ಮಾರು ಅಗಲಕ್ಕೆ ಸೊಂಟದೆತ್ತರ ಬೆಳೆದ ಪೊದೆಗಳ ಬಲ್ಲೆ. ತುಂಬೆ, ಉತ್ತರಾಣಿ, ನೀಲಿ ಹೂವಿನ ನಾಯಿತುಳಸಿ, ತಜಂಕು, ಇನ್ನೂ ಹೆಸರು ಗೊತ್ತಿಲ್ಲದ್ದು ಎಷ್ಟೋ. ಇಷ್ಟು ಚಂದದ ಗದ್ದೆಯ ನೆತ್ತಿಯ ಮೇಲೆ ಇಂಥ ಜಟೆ ಯಾಕೆ ಬಿಟ್ಟಿದ್ದಾರೋ, ಮೊದಲು ಬರುತ್ತಿದ್ದವನು ಸೋಮಾರಿ ಇರಬೇಕು ಎಂದುಕೊಂಡೆ. ನನ್ನ ಕೈಗುಣ ತೋರಿಸಲು ಇದೇ ಜಾಗ ಎಂದು ಮೆಷಿನಿನಿಂದ ಎಳೆ ಹುಲ್ಲು ಹೊಡೆಯುವ ದಾರ ತೆಗೆದು ಮೂರು ಹಲ್ಲಿನ ಬ್ಲೇಡು ಹಾಕಿದೆ. ಅರಣ್ಯದ ಗಡಿಕಲ್ಲಿನಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತೆ, ಅಲ್ಲಿ ಒಂದು ಎಲೆ ಮುಟ್ಟಲಿಲ್ಲ. ಕಟ್ಟಪುಣಿಯನ್ನು ಮಾತ್ರ ಹಾಲು ಚೆಲ್ಲಿದರೆ ಬಳಿದುಕೊಳ್ಳುವ ಹಾಗೆ ಮಾಡಿದೆ. ಬ್ಲೇಡಿಗೆ ಸಿಕ್ಕಿದ ತುಂಬೆಯ ಪರಿಮಳ ಮಧ್ಯಾಹ್ನದವರೆಗೂ ಬಟ್ಟೆಯಲ್ಲಿತ್ತು.

ಟ್ಯಾಪಿಂಗ್ ಮುಗಿಸಿ ಬಂದ ಭಾವ ಕಟ್ಟಪುಣಿಯ ತುದಿಯಲ್ಲಿ ನಿಂತು ಒಂದು ಸಲ ಆಚೆಯಿಂದ ಈಚೆಗೆ ನೋಡಿದರು. “ಲಾಯ್ಕ ಆಯ್ತು” ಎಂದರು. ಅಷ್ಟೇ. ಅವರ ಮುಖದಲ್ಲಿ ಸಣ್ಣ ನಗು ಇದ್ದದ್ದು ನನ್ನ ಕೆಲಸ ಮೆಚ್ಚಿ ಎಂದು ತಿಳಿದು ನಾನು ಮನೆಗೆ ಬಂದೆ.

ಮರುದಿನ ಸಂಜೆ ಅಕ್ಕನ ಫೋನು.

“ನಾನು ನಿಮ್ಮ ಹತ್ತಿರ ಎಂತ ಹೇಳಿದ್ದು ಮಾರಾಯ್ರೆ?”

“ಕಾಡು ಮುಟ್ಟುದು ಬೇಡ ಹೇಳಿದ್ರಿ. ನಾನು ಆ ಕಡೆ ಹೋಗ್ಲೇ ಇಲ್ಲ ಅಕ್ಕ.”

“ಹೋಗ್ಲಿಲ್ವಾ? ಕಾಡನ್ನು ಬೋಳಿಸಿ ಇಟ್ಟಿದ್ದೀರಿ.”

“ಯಾವ ಕಾಡು? ಕಟ್ಟಪುಣಿಯ ಬಲ್ಲೆಯಾ?” ನನಗೆ ಏರಿತು. “ಬಲ್ಲೆಗೆ ಕಾಡು ಹೇಳಿದ್ರೆ ನಾನು ಎಂತ ಮಾಡುದು? ಅಷ್ಟು ಬೇಕಾದದ್ದು ಆದ್ರೆ ಹಗ್ಗ ಕಟ್ಟಿ ಇಡ್ಬೇಕಿತ್ತು. ಹೇಳ್ಲಿಕ್ಕೆ ಒಂದು ಕ್ರಮ ಉಂಟು.”

ಅಕ್ಕ ಫೋನು ಇಟ್ಟರು. ಬೈದಿದ್ದರೆ ನಾಲ್ಕು ಮಾತು ನಾನೂ ಬೈದು ಹಗುರಾಗುತ್ತಿದ್ದೆ, ಅದಕ್ಕೂ ಜಾಗ ಇಲ್ಲದೆ ಹೋಯಿತು. ಹೆಂಡತಿ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಹತ್ತಿರ ನ್ಯಾಯ ಕೇಳಿದೆ. ಅವಳು ಪಾತ್ರೆ ತೊಳೆಯುತ್ತಾ, “ನಮ್ಮ ಬಸಳೆ ಬುಡದಲ್ಲಿ ಹುಟ್ಟಿದ್ದು ಕೀಳ್ಳಿಕ್ಕೆ ನೀವು ನನಗೆ ಎಂತ ಹೇಳುದು?” ಎಂದು ಕೇಳಿದಳು.

“ಕಾಡು ಕೀಳು ಹೇಳುದು,” ಎಂದೆ.

ಅವಳು ನಲ್ಲಿ ನಿಲ್ಲಿಸಿದಳು.

ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಆದರೆ ಬ್ಲೇಡು ಬಿಚ್ಚುವ ಸ್ಪ್ಯಾನರ್ ಅಲ್ಲೇ ಬಾವಿಕಟ್ಟೆಯ ಮೇಲೆ ಉಳಿದಿತ್ತು. ಅಂಥದ್ದು ಬೇರೆ ಅಂಗಡಿಯಲ್ಲಿ ಸಿಗುವುದಿಲ್ಲವೆಂದಲ್ಲ. ನನಗೆ ಅಲ್ಲಿಗೆ ಹೋಗಲು ಒಂದು ನೆಪ ಬೇಕಿತ್ತು. ಹೋದಾಗ ಅಕ್ಕ ಅಲಸಂಡೆ ಸಾಲಿನ ನಡುವೆ ಕುಳಿತಿದ್ದರು. ನನ್ನನ್ನು ನೋಡಿ, “ಬನ್ನಿ, ನೋಡಿ” ಎಂದರು.

ಬಳ್ಳಿಯ ತುದಿಗಳು ಕಪ್ಪಾಗಿದ್ದವು. ಹತ್ತಿರ ಹೋದರೆ ಅದು ಬಣ್ಣವಲ್ಲ, ಹೇನು. ಎಳೆ ಚಿಗುರು, ಮೊಗ್ಗಿನ ತೊಟ್ಟು, ಎಲೆಯ ಬೆನ್ನು ಎಲ್ಲ ಕಡೆ ಒತ್ತೊತ್ತಾಗಿ ಕುಳಿತ ಕರಿ ಹೇನು. ಅದರ ಸಿಹಿಗೆ ಬಂದ ಇರುವೆಗಳ ಸಾಲು ಬೇರೆ. ಅಕ್ಕ ಬೂದಿ ಎರಚಿದ್ದರು, ಮಳೆ ಬಂದು ತೊಳೆದುಹೋಗಿತ್ತು. ಕೈಯಿಂದ ಒರೆಸಿದ್ದರು, ಎರಡು ದಿನದಲ್ಲಿ ಮತ್ತೆ ಅಷ್ಟೇ.

“ಹೇನು ಪ್ರತಿ ವರ್ಷ ಬರ್ತದೆ,” ಎಂದರು ಅಕ್ಕ. “ಆ ಕಾಡಿನಲ್ಲಿ ಅದನ್ನು ತಿನ್ನುವವು ಇರ್ತಿದ್ವು. ಉತ್ತರಾಣಿಯಲ್ಲಿ, ತಜಂಕಿನಲ್ಲಿ ಬೇರೆ ಬೇರೆ ಸಣ್ಣ ಹುಳ ಇರ್ತದಲ್ಲ, ಅದನ್ನು ತಿಂದುಕೊಂಡು ಗುಲಗಂಜಿ ಹುಳ ಅಲ್ಲೇ ಬಿಡಾರ. ತುಂಬೆಯ ಹೂವಿಗೆ ಕೂದಲಷ್ಟು ಸಪೂರದ ಕಣಜ ಬರುದು. ಇಲ್ಲಿ ಹೇನು ಕಂಡದ್ದೇ ಅವು ಇಲ್ಲಿಗೆ ಇಳಿಯುದು. ಈಗ ಅವಕ್ಕೆ ಮನೆಯೇ ಇಲ್ಲ, ಎಲ್ಲಿಂದ ಇಳಿಯುದು?”

ಅವರು ಹೇಳುತ್ತಿರುವಾಗಲೇ ಒಂದು ಎಲೆಯ ಮೇಲೆ ಮೈಯೆಲ್ಲ ಮುಳ್ಳುಮುಳ್ಳಾಗಿ, ಕಪ್ಪಗೆ, ಮೊಸಳೆ ಮರಿಯ ಹಾಗಿದ್ದ ಒಂದು ಹುಳ ಕಂಡಿತು. ಇದೇ ಮುಖ್ಯ ಕಳ್ಳ ಎಂದು ಹೆಬ್ಬೆರಳಿನಿಂದ ಅರೆದುಬಿಟ್ಟೆ. ಇನ್ನೊಂದಕ್ಕೆ ಕೈ ಹಾಕುವಾಗ ಅಕ್ಕ ಪಟ್ಟನೆ ನನ್ನ ಕೈಗೆ ಹೊಡೆದರು. ಅದು ಗುಲಗಂಜಿ ಹುಳದ ಮರಿಯಂತೆ. ಕೆಂಪಗೆ, ಚುಕ್ಕಿ ಇಟ್ಟುಕೊಂಡು ಚಂದ ಕಾಣುವ ಹುಳ ಚಿಕ್ಕಂದಿನಲ್ಲಿ ಹೀಗಿರುತ್ತದೆ ಎಂದು ನನಗೆ ಐವತ್ತನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಹೇನನ್ನು ದೊಡ್ಡದಕ್ಕಿಂತ ಮರಿಯೇ ಹೆಚ್ಚು ತಿನ್ನುವುದಂತೆ. ಆ ಗದ್ದೆಯಲ್ಲಿ ಉಳಿದಿದ್ದ ನಾಲ್ಕು ಕಾವಲುಗಾರರಲ್ಲಿ ಒಬ್ಬನನ್ನು ನಾನು ಅವರ ಕಣ್ಣೆದುರೇ ಕೊಂದಿದ್ದೆ.

ಆಮೇಲೆ ಅಕ್ಕ ಕಟ್ಟೆಯ ಮೇಲೆ ಕುಳಿತು ನಿಜವಾದ ಸಂಗತಿ ಹೇಳಿದರು. ಭಾವನಿಗೆ ಆ ಕಾಡು ಮೊದಲಿನಿಂದಲೂ ಸೇರುತ್ತಿರಲಿಲ್ಲ. ಹಾವು ಬರುತ್ತದೆ, ನೋಡಿದವರು ನಗುತ್ತಾರೆ, ಹುಲ್ಲಿಗೂ ಬಳ್ಳಿಗೂ ಒಮ್ಮೆ ಮದ್ದು ಹೊಡೆದರೆ ಎಲ್ಲ ಮುಗಿಯುತ್ತದೆ ಎನ್ನುವುದು ಅವರ ವಾದ. ಜಗಳ ಬೇಡವೆಂದು ಇಬ್ಬರೂ ಒಂದು ಮಾತಿಗೆ ಬಂದಿದ್ದರು. ವರ್ಷದ ಕೊನೆಯಲ್ಲಿ ಬೀಜದ ಬಾಟ್ಲಿ ಕುತ್ತಿಗೆವರೆಗೆ ತುಂಬಿದರೆ ಮರುವರ್ಷ ಕಾಡು ಇರಬಹುದು. ತುಂಬದಿದ್ದರೆ ಮದ್ದು. ಆರು ವರ್ಷ ಬಾಟ್ಲಿ ತುಂಬಿತ್ತು.

“ಈ ವರ್ಷ ಬಿತ್ತಿ ಉಳಿದ ಬೀಜ ಎಲ್ಲ ಆಗಲೇ ಸಂಪಾಜೆಯವರಿಗೆ ಕೊಟ್ಟಿದ್ದೆ. ಅಲ್ಲಿ ಆನೆ ಬಂದು ಎಲ್ಲ ಮೆಟ್ಟಿ ಹೋಗಿದೆಯಂತೆ. ನನ್ನ ಹತ್ತಿರ ಇರುದು ಈ ಬಳ್ಳಿ ಮಾತ್ರ. ಕಾಡು ಚಿಗುರ್ತದೆ, ಬೇರು ಉಂಟಲ್ಲ. ಆದ್ರೆ ಅದು ಚಿಗುರಿ ಹೂ ಬರುವಾಗ ಬಳ್ಳಿ ಇರುದಿಲ್ಲ.”

ಭಾವ “ಲಾಯ್ಕ ಆಯ್ತು” ಎಂದದ್ದು ಯಾಕೆಂದು ನನಗೆ ಆಗ ತಿಳಿಯಿತು. ನನಗೆ ನಾಚಿಕೆಯಾಯಿತು. ಸಿಟ್ಟಿನವರಿಗೆ ನಾಚಿಕೆಯಾದರೆ ಸುಮ್ಮನಿರಲು ಆಗುವುದಿಲ್ಲ.

“ನಾನು ತರ್ತೇನೆ,” ಎಂದೆ.

“ಎಂತ ತರುದು?”

“ಕಾಡು.”

ಅಕ್ಕ ಮೊದಲ ಸಲ ನಕ್ಕರು. ಅದು ನಂಬಿಕೆಯ ನಗುವಲ್ಲ.

ಮರುದಿನದಿಂದ ನನ್ನ ಬೈಕಿನಲ್ಲಿ ಮೆಷಿನಿನ ಜೊತೆ ಒಂದು ಕತ್ತಿ, ಒಂದು ಹಾರೆ, ಒಂದು ಹಳೆಯ ಪ್ಲಾಸ್ಟಿಕ್ ಟಬ್ಬು. ಎಲ್ಲಿ ಹುಲ್ಲು ಹೊಡೆಯಲು ಹೋದರೂ ಮೊದಲು ಜಾಗವನ್ನು ಒಂದು ಸುತ್ತು ನೋಡುವುದು, ಹೂ ಇರುವ ಗಿಡ ಕಂಡರೆ ಬುಡದ ಮಣ್ಣು ಸಮೇತ ಎಬ್ಬಿಸಿ ಟಬ್ಬಿನಲ್ಲಿ ಇಡುವುದು, ಆಮೇಲೆ ಮೆಷಿನು. ಸುಳ್ಯದ ಒಂದು ಕೊಕ್ಕೋ ತೋಟದ ಬದಿಯಿಂದ ತುಂಬೆ ತಂದೆ. ಪುತ್ತೂರಿನ ಒಂದು ಮನೆಯ ಹಿತ್ತಿಲಿನಿಂದ ಉತ್ತರಾಣಿ, ಸಹದೇವಿ. ನೆಲ್ಯಾಡಿಯ ರಬ್ಬರಿನ ಅಂಚಿನಿಂದ ನಾಯಿತುಳಸಿ. ಕೆಲಸ ಮುಗಿಸಿ ಕಡಬಕ್ಕೆ ಹೋಗಿ, ನಾನೇ ಬೋಳಿಸಿದ ಕಟ್ಟಪುಣಿಯಲ್ಲಿ ಗುಂಡಿ ತೋಡಿ ಒಂದೊಂದೇ ನೆಡುತ್ತಿದ್ದೆ. ಇಷ್ಟು ವರ್ಷ ಕತ್ತರಿಸಿದ್ದನ್ನು ಬಗ್ಗಿ ನೆಡುವಾಗ ಸೊಂಟ ಎಷ್ಟು ನೋಯುತ್ತದೆ ಎಂದು ಗೊತ್ತಾಯಿತು.

ಜನ ಬಿಡುತ್ತಾರೆಯೇ? ಹುಲ್ಲಿನ ಮೆಷಿನಿನವರು ಟಬ್ಬಿನಲ್ಲಿ ಹುಲ್ಲು ತುಂಬಿಸಿಕೊಂಡು ಹೋಗುವುದು ಯಾಕೆ ಎಂದು ಎಲ್ಲರೂ ಕೇಳಿದರು. ನಿಜ ಹೇಳಿದರೆ ತಲೆ ಸರಿ ಇದೆಯಾ ಎಂದು ಕೇಳುತ್ತಿದ್ದರು. ಅದಕ್ಕೇ “ಮದ್ದಿಗೆ” ಎಂದು ಹೇಳಲು ಶುರು ಮಾಡಿದೆ. ಅಷ್ಟೇ ಸಾಕಾಯಿತು. ನಮ್ಮ ಊರಿನಲ್ಲಿ ಯಾವ ಬೇರು ಕಿತ್ತರೂ ಮದ್ದಿಗೆ ಎಂದರೆ ಸಂಶಯಪಡುವವರಿಲ್ಲ. ಕುಂಬ್ರದ ಅಂಗಡಿಯಲ್ಲಿ ಚಾ ಕುಡಿಯುತ್ತಿರುವಾಗ ಅಂಗಡಿಯವರು ಟಬ್ಬಿಗೆ ಇಣುಕಿ, “ಇದು ಗಂಟು ನೋವಿಗೆ ಆಗ್ತದಾ ಮಾರಾಯ್ರೆ?” ಎಂದು ಎರಡು ಗಿಡ ಎತ್ತಿಟ್ಟುಕೊಂಡೇ ಬಿಟ್ಟರು. ನಾನು ತಡೆಯಲಿಲ್ಲ. ಅವರ ಗಂಟು ಏನಾಯಿತೋ ಗೊತ್ತಿಲ್ಲ. ಯೋಚಿಸಿದರೆ ನಾನು ಹೇಳಿದ್ದು ಸುಳ್ಳೂ ಅಲ್ಲ. ನಾವು ಕಷಾಯಕ್ಕೂ ಮದ್ದು ಎನ್ನುತ್ತೇವೆ, ಹುಳ ಸಾಯಿಸಲು ಸಿಂಪಡಿಸುವ ವಿಷಕ್ಕೂ ಮದ್ದು ಎನ್ನುತ್ತೇವೆ. ಭಾವ ಹೊಡೆಯಬೇಕೆಂದಿದ್ದ ಮದ್ದಿಗೆ ಎದುರಾಗಿ ನಾನು ಒಯ್ಯುತ್ತಿದ್ದದ್ದೂ ಮದ್ದೇ.

ಗಿಡ ನೆಟ್ಟರೆ ಸಾಲದು, ತಿನ್ನುವವು ಬೇಕಲ್ಲ. ನೆಲ್ಯಾಡಿ ಕಡೆ ಒಂದು ಬೇಲಿಯ ಗೊಬ್ಬರದ ಗಿಡದ ಚಿಗುರಿನಲ್ಲಿ ಇದೇ ಕರಿ ಹೇನು, ಅದರ ನಡುವೆ ಗುಲಗಂಜಿ ಹುಳ, ಮೊಸಳೆ ಮರಿಗಳು ಬೇಕಾದಷ್ಟು ಕಂಡವು. ಗೆಲ್ಲನ್ನೇ ಮುರಿದು ಒಯ್ದರೆ ಹೇನೂ ಬರುತ್ತದೆ. ಹಾಗಾಗಿ ಊಟ ಮಾಡಿ, ಬುತ್ತಿ ತೊಳೆದು, ಒಣಗಿಸಿ, ಒಳಗೆ ಒಂದು ಎಲೆ ಹಾಸಿ, ಹುಲ್ಲುಕಡ್ಡಿಯ ತುದಿಯಿಂದ ಒಂದೊಂದೇ ಹುಳವನ್ನು ಎತ್ತಿ ಬುತ್ತಿಗೆ ಹಾಕಿದೆ. ಜಾಗದ ಯಜಮಾನರು, ಕೇರಳ ಮೂಲದವರು, ದೂರದಲ್ಲಿ ನಿಂತು ನೋಡಿ ಒಳಗೆ ಹೋದರು. ಹೀಗೆ ನಾಲ್ಕೈದು ಸಲ ಆಯಿತು. ಒಂದು ದಿನ ಬುತ್ತಿಯ ಮುಚ್ಚಳದ ಅಂಚಿನಲ್ಲಿ ಉಳಿದುಹೋದ ಒಂದು ಮರಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ಹೆಂಡತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ನಾಳೆಯಿಂದ ನಿಮ್ಮ ಊಟ ಬಾಳೆಎಲೆಯಲ್ಲಿ. ಬುತ್ತಿ ನಿಮ್ಮ ಮಕ್ಕಳಿಗೇ ಇರ್ಲಿ.”

ಆದರೆ ಆ ಮರಿಯನ್ನು ಅವಳು ಕೊಲ್ಲಲಿಲ್ಲ. ಕಾಗದದಲ್ಲಿ ಎತ್ತಿ ನಮ್ಮ ಬಸಳೆಗೆ ಬಿಟ್ಟಳು.

ಎಲ್ಲ ಗಿಡವೂ ಅಕ್ಕನಿಗೆ ಬೇಕಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಒಂದು ದಿನ ಉತ್ಸಾಹದಲ್ಲಿ ಕಮ್ಯುನಿಸ್ಟ್ ಗಿಡವನ್ನೂ ತಂದಿದ್ದೆ. ರಸ್ತೆಯ ಬದಿ, ಗುಡ್ಡೆ, ಎಲ್ಲೆಂದರಲ್ಲಿ ಹಬ್ಬಿ, ಬೇರೆ ಯಾವುದಕ್ಕೂ ಜಾಗ ಕೊಡದ ಗಿಡ ಅದು. ಹೆಸರು ಕೇರಳದ ಕಡೆಯಿಂದ ಬಂದದ್ದಂತೆ. ಅಕ್ಕ ಅದನ್ನು ಟಬ್ಬಿನಿಂದಲೇ ಹೊರಗೆ ಎಸೆದರು.

“ಇದು ಒಂದು ಬೇಡ. ಇದು ಬಂದ್ರೆ ತಾನೊಬ್ಬನೇ. ನನಗೆ ಹತ್ತು ಹಲವು ಬೇಕು. ಹಲವು ಇದ್ರೆ ಒಂದನ್ನೊಂದು ಹದ್ದಿನಲ್ಲಿ ಇಟ್ಟುಕೊಳ್ತವೆ.” ಆಮೇಲೆ ಅದರ ಕಾಂಡದಲ್ಲಿದ್ದ ಗೋಲಿಯಷ್ಟು ದಪ್ಪದ ಗಂಟು ತೋರಿಸಿದರು. ಅದನ್ನು ಸೀಳಿದರೆ ಒಳಗೆ ಬಿಳಿ ಹುಳ. ಈ ಗಿ‌ಡದಲ್ಲಿ ಮಾತ್ರ ಮೊಟ್ಟೆ ಇಡುವ ಒಂದು ನೊಣವನ್ನು ಎಲ್ಲಿಂದಲೋ ತಂದು ಬಿಟ್ಟಿದ್ದಾರಂತೆ, ಅದರ ಮರಿ ಒಳಗೆ ಕುಳಿತು ಗಿಡದ ಸತ್ವ ಹೀರಿ ಅದನ್ನು ಬಲಗುಂದಿಸುತ್ತದಂತೆ. ಅವರಿಗೆ ಯಾವುದೋ ತರಬೇತಿಯಲ್ಲಿ ಹೇಳಿದ್ದು. ಆ ಗಂಟುಗಳನ್ನು ನಾನು ಸಾವಿರ ಸಲ ಕತ್ತರಿಸಿದ್ದೆ, ಒಂದು ಸಲವೂ ನೋಡಿರಲಿಲ್ಲ.

ಆ ದಿನಗಳಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಹಾಗಾಗಿ ಸಿಟ್ಟೂ ಬರಲಿಲ್ಲ. ನಾನು ವರ್ಷ ವರ್ಷ ಬುಡಸಮೇತ ಬೋಳಿಸುತ್ತಾ ಬಂದ ಜಾಗಗಳಲ್ಲಿ ತುಂಬೆ ಹುಡುಕಿದರೆ ಸಿಗುತ್ತಿರಲಿಲ್ಲ. ಅಲ್ಲೆಲ್ಲ ಉಳಿದದ್ದು ನಾಚಿಕೆಮುಳ್ಳು, ಕಮ್ಯುನಿಸ್ಟ್, ಇಲ್ಲವೇ ಕೈ ಕೊಯ್ಯುವ ಒಂದು ಜಾತಿಯ ಹುಲ್ಲು. ಮೆದುವಾದವು ಎಲ್ಲ ಹೋಗಿ ಹಟಮಾರಿಗಳು ಮಾತ್ರ ನಿಂತಿದ್ದವು. ನನ್ನನ್ನು ವರ್ಷಕ್ಕೆ ಎರಡು ಸಲ ಕರೆಯುತ್ತಿದ್ದವರು ಈಗ ನಾಲ್ಕು ಸಲ ಕರೆಯುವುದು ನನ್ನ ಒಳ್ಳೆಯ ಕೆಲಸಕ್ಕೆ ಎಂದು ನಾನು ಬೀಗುತ್ತಿದ್ದೆ. ಅಂಗಳದ ಹಾಗೆ ಮಾಡಿ ಮಾಡಿ, ಎದುರಾಳಿಯನ್ನು ನಾನೇ ಆರಿಸಿ ಬೆಳೆಸಿದ್ದೆ.

ಅಕ್ಟೋಬರಿನಲ್ಲಿ ಒಂದು ವಾರ ಮಳೆಯೇ ಇಲ್ಲದೆ ಬಿಸಿಲು ಕಾಯಿತು. ಸುಳ್ಯದ ಕಡೆ ಕೆಲಸ ಹೆಚ್ಚಾಗಿ ನನಗೆ ಕಡಬಕ್ಕೆ ಹೋಗಲಾಗಲಿಲ್ಲ. ನೆಟ್ಟದ್ದೆಲ್ಲ ಬಾಡಿರುತ್ತದೆ ಎಂದು ಹೆದರಿಕೊಂಡೇ ಹೋದೆ. ನೋಡಿದರೆ ಗಿಡಗಳು ತಲೆ ಎತ್ತಿ ನಿಂತಿವೆ, ಬುಡ ಒದ್ದೆ.

“ನೀರು ಹಾಕಿದ್ದು ಒಳ್ಳೆದಾಯ್ತು ಅಕ್ಕ,” ಎಂದೆ.

“ನಾನು ಎಲ್ಲಿ ಹಾಕಿದ್ದು? ನನಗೆ ಜ್ವರ ಬಂದು ಐದು ದಿನ ಮಲಗಿದ್ದೆ. ಮಳೆ ಬಂದಿರ್ಬೇಕು.”

ಮಳೆ ಬಂದಿರಲಿಲ್ಲ. ಬಾವಿಯ ಬದಿಯಲ್ಲಿ ರಬ್ಬರ್ ಹಾಲು ಹೊರುವ ಭಾವನ ಬಕೆಟು ಕವುಚಿ ಇಟ್ಟಿತ್ತು, ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಭಾವ ಜಗಲಿಯಲ್ಲಿ ಕುಳಿತು ವೀಳ್ಯ ಹಾಕುತ್ತಿದ್ದರು. ನಾನು ಬಕೆಟು ನೋಡಿದೆ, ಅವರನ್ನು ನೋಡಿದೆ. ಅವರು ಬೇರೆ ಕಡೆ ನೋಡಿದರು. ಅವರಿಗೆ ಬೇಕಾದದ್ದು ಕಾಡು ಸಾಯುವುದು. ಹೆಂಡತಿ ಮಲಗಿರುವಾಗ ಹಾಗೆ ಗೆಲ್ಲುವುದು ಅವರಿಗೆ ಬೇಡವಾಗಿತ್ತು. ನಾನು ಯಾರಿಗೂ ಹೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಕಟ್ಟಪುಣಿಯ ಹಳೆಯ ಬೇರುಗಳೂ ಚಿಗುರಿದವು. ಅಲಸಂಡೆಯಲ್ಲಿ ಹೇನು ಪೂರ್ತಿ ಹೋಗಲಿಲ್ಲ, ಆದರೆ ಹೆಚ್ಚಾಗುವುದು ನಿಂತಿತು. ಕೆಲವು ಹೇನು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಎಲೆಗೆ ಅಂಟಿಕೊಂಡು ಸತ್ತಿದ್ದವು. ಅಕ್ಕ ಹೇಳಿದ ಸಪೂರದ ಕಣಜ ಅವುಗಳ ಒಳಗೇ ಮೊಟ್ಟೆ ಇಟ್ಟು ಹೋಗಿತ್ತು. ಗದ್ದೆಯ ಆಚೆ ಬದಿಯ ಸಾಲುಗಳು ಸೊರಗಿ ಒಣಗಿದವು. ಕಟ್ಟಪುಣಿಗೆ ಹತ್ತಿರದ ಸಾಲುಗಳು ಉಳಿದವು. ಅಕ್ಕ ಆ ವರ್ಷ ಪಲ್ಯಕ್ಕೆ ಒಂದು ಕೋಡನ್ನೂ ಕೊಯ್ಯಲಿಲ್ಲ, ಎಲ್ಲವನ್ನೂ ಬೀಜಕ್ಕೆ ಬಿಟ್ಟರು. ನನಗೆ ಅಲ್ಲಿ ಕೆಲಸವೇನೂ ಇಲ್ಲದಿದ್ದರೂ ವಾರಕ್ಕೊಮ್ಮೆ ಹೋಗಿ ಕಟ್ಟಪುಣಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನ ಸಂಸಾರ ಮಾಡಿಕೊಂಡಿರುವುದನ್ನು ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ನಾನು ಅಷ್ಟು ಸಂತೋಷದಿಂದ ಸುಮ್ಮನೆ ಕುಳಿತದ್ದು ಅದಕ್ಕೆ ಮೊದಲು ನೆನಪಿಲ್ಲ.

ಡಿಸೆಂಬರಿನಲ್ಲಿ ಬೀಜ ಬಿಡಿಸುವ ದಿನ ಅಕ್ಕ ನನ್ನನ್ನೂ ಕರೆದರು. ಜಗಲಿಯಲ್ಲಿ ಚಾಪೆ ಹಾಸಿ ಮೂವರೂ ಕುಳಿತೆವು. ಒಣಗಿದ ಕೋಡು ಒತ್ತಿದರೆ ಚಟ್ಟನೆ ಬಾಯಿ ಬಿಟ್ಟು ಬೀಜ ಉದುರುತ್ತಿತ್ತು. ಗೆರಸೆಯಲ್ಲಿ ಕೇರಿ, ಹುಳ ತಿಂದದ್ದನ್ನು ಆರಿಸಿ, ಉಳಿದದ್ದನ್ನು ಅಕ್ಕ ಬಾಟ್ಲಿಗೆ ಸುರಿದರು. ಬಾಟ್ಲಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿದರು. ಬೀಜ ಅರ್ಧದಿಂದ ಸ್ವಲ್ಪ ಮೇಲೆ ನಿಂತಿತು. ಬೂದಿ ಬೆರೆಸಿದರೂ ಕುತ್ತಿಗೆಗೆ ಬರುವಂತಿರಲಿಲ್ಲ.

ಅಕ್ಕ ಬಾಟ್ಲಿಯನ್ನು ಭಾವನ ಮುಂದೆ ಇಟ್ಟು ಕೈ ಒರೆಸಿಕೊಂಡರು. ಮಾತಿಗೆ ತಪ್ಪುವವರಲ್ಲ ಅವರು. ಆರು ವರ್ಷ ಗೆದ್ದವರನ್ನು ಒಂದೇ ಬೆಳಗ್ಗೆ ಸೋಲಿಸಿದ್ದು ನಾನು. ಅದನ್ನು ಹೇಳಲೇಬೇಕೆಂದು, “ಭಾವ, ತಪ್ಪು ನನ್ನದು” ಎಂದು ಶುರು ಮಾಡಿದೆ.

ಭಾವ ಕೈ ಎತ್ತಿ ನಿಲ್ಲಿಸಿದರು. ಎದ್ದು ಒಳಗೆ ಹೋದರು. ಒಳಗೆ ಡಬ್ಬಿಗಳನ್ನು ಆಚೀಚೆ ಮಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಬರುವಾಗ ಅವರ ಕೈಯಲ್ಲಿ ಇನ್ನೊಂದು ಬಾಟ್ಲಿ, ಉಪ್ಪಿನಕಾಯಿಯದ್ದು, ಮೊದಲಿನದಕ್ಕಿಂತ ಚಿಕ್ಕದು. ಪಂಚೆಯ ತುದಿಯಿಂದ ಅದರ ಒಳಗನ್ನು ಒರೆಸಿದರು. ಚಾಪೆಯಲ್ಲಿ ಕುಳಿತು, ದೊಡ್ಡ ಬಾಟ್ಲಿಯಿಂದ ಚಿಕ್ಕದಕ್ಕೆ, ಒಂದು ಬೀಜ ಹೊರಗೆ ಬೀಳದ ಹಾಗೆ ನಿಧಾನವಾಗಿ ಸುರಿದರು. ಅದು ಕುತ್ತಿಗೆಯವರೆಗೆ ತುಂಬಿತು. ತುಂಬಿ ಒಂದು ಹಿಡಿ ಉಳಿಯಿತು.

“ತುಂಬಿತಲ್ಲ,” ಎಂದರು.

ಅಕ್ಕ ತಲೆ ತಗ್ಗಿಸಿ ಖಾಲಿ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದರು. ಅವರ ಕಣ್ಣು ತುಂಬಿದ್ದು ನನಗೆ ಕಂಡಿತು.

ಉಳಿದ ಹಿಡಿ ಬೀಜವನ್ನು ಭಾವ ಕಾಗದದಲ್ಲಿ ಕಟ್ಟಿ ನನ್ನ ಅಂಗಿಯ ಜೇಬಿಗೆ ಹಾಕಿದರು. ಅದು ಈಗಲೂ ನಮ್ಮ ಹಿತ್ತಿಲಿನಲ್ಲಿ ಇದೆ, ಅದರ ಬದಿಗೆ ನಾನು ಮೆಷಿನು ತಾಗಿಸದ ಎರಡು ಮಾರು ಕಾಡೂ ಇದೆ. ಬೈಕು ಸ್ಟಾರ್ಟ್ ಮಾಡುವಾಗ ಭಾವ ಗೇಟಿನವರೆಗೆ ಬಂದರು.

“ಮುಂದಿನ ವರ್ಷ ನೀವೇ ಬನ್ನಿ. ನಮ್ಮ ಕಾಡಿಗೆ ನಾನು ಹಗ್ಗ ಕಟ್ಟಿ ಇಡ್ತೇನೆ. ನಿಮಗೆ ಕನ್ನಡ ಹೇಳಿದ್ರೆ ಅರ್ಥ ಆಗುದಿಲ್ಲ.”

ನನಗೆ ಸಿಟ್ಟು ಬರಲಿಲ್ಲ.